ಹಳೆ ಕಾರಿನ ಸದ್ದು ಎಲ್ಲಿಂದ? ನೀವೇ ಹುಡುಕಿಕೊಳ್ಳುವ ದಾರಿ

"ಕಾರು ಹನ್ನೆರಡು ವರ್ಷದ್ದು. ಈಚೆಗೆ ಸದ್ದು ಜಾಸ್ತಿಯಾಗಿದೆ. ಏನಿರಬಹುದು?" ನನಗೆ ಇಷ್ಟು ಸಲ ಬರುವ ಪ್ರಶ್ನೆ ಇನ್ನೊಂದಿಲ್ಲ. ಕೇಳುವವರು ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತಾರೆ: ಗುಂಯ್ ಅಂತ, ಕಟಕಟ ಅಂತ, ಕಿರ್ರ್ ಅಂತ. ತೊಂದರೆ ಏನೆಂದರೆ, ಅದೇ ಗುಂಯ್ ಸದ್ದು ಸವೆದ ಟೈರಿನಿಂದಲೂ ಬರುತ್ತದೆ, ಹಾಳಾದ ಬೇರಿಂಗಿನಿಂದಲೂ (ತಿರುಗುವ ಭಾಗ ಸಲೀಸಾಗಿ ತಿರುಗಲೆಂದು ಹಾಕುವ ಗುಂಡುಗಳ ಬಳೆ) ಬರುತ್ತದೆ, ಗೇರ್‌ಬಾಕ್ಸಿನಿಂದಲೂ ಬರುತ್ತದೆ. ಅದಕ್ಕೇ ನಾನು ತಿರುಗಿ ಕೇಳುವುದು ಒಂದೇ ಮಾತು: ಹೇಗೆ ಕೇಳಿಸುತ್ತದೆ ಅನ್ನೋದು ಆಮೇಲಿರಲಿ, ಯಾವಾಗ ಕೇಳಿಸುತ್ತದೆ? ನಿಂತಾಗಲೋ, ಓಡುವಾಗಲೋ, ತಿರುಗಿಸುವಾಗಲೋ, ಬ್ರೇಕ್ ಒತ್ತಿದಾಗಲೋ? ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಹಳೆ ಕಾರಿಗೆ ಇನ್ನೊಂದು ತೊಡಕಿದೆ. ಅದರ ಸದ್ದಿಗೆ ಕಾರಣ ಸಾಮಾನ್ಯವಾಗಿ ಒಂದೇ ಇರುವುದಿಲ್ಲ. ಟೈರು ಗಟ್ಟಿಯಾಗಿರುತ್ತದೆ, ಬಾಗಿಲಿನ ರಬ್ಬರ್ ಚಪ್ಪಟೆಯಾಗಿರುತ್ತದೆ, ಸೈಲೆನ್ಸರ್ ತೂತಾಗಿರುತ್ತದೆ, ಎಲ್ಲ ಸೇರಿ ಒಂದೇ ಗದ್ದಲ. ಸದ್ದನ್ನು ಅಳೆಯುವ ಡೆಸಿಬಲ್ ಲೆಕ್ಕವೂ ವಿಚಿತ್ರ. ತಲಾ 70 ಡೆಸಿಬಲ್ ಸದ್ದು ಮಾಡುವ ಎರಡು ಜಾಗ ಇದ್ದರೆ ಒಟ್ಟು 140 ಆಗುವುದಿಲ್ಲ, ಸುಮಾರು 73 ಆಗುತ್ತದೆ. ಅಂದರೆ ಒಂದನ್ನು ಪೂರ್ತಿ ಸರಿಮಾಡಿದರೂ ಇಳಿಯುವುದು ಬರೀ 3 ಡೆಸಿಬಲ್, ಕಿವಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. "ದುಡ್ಡು ಕೊಟ್ಟರೂ ಏನೂ ಸರಿಹೋಗಲಿಲ್ಲ" ಎಂದು ಜನ ಬೇಸರಪಡುವುದು ಬಹಳ ಸಲ ಇದಕ್ಕೇ. ರಿಪೇರಿ ಸರಿಯಾಗಿಯೇ ಆಗಿರುತ್ತದೆ, ಇನ್ನೊಂದು ಕಾರಣ ಹಾಗೇ ಉಳಿದಿರುತ್ತದೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಂದು ಟಾರ್ಚ್, ದಪ್ಪ ಕೈಗವಸು, ಉದ್ದನೆಯ ಸ್ಕ್ರೂಡ್ರೈವರ್ ಅಥವಾ ಒಂದು ಮೀಟರ್ ರಬ್ಬರ್ ಪೈಪು, ನೀರು ಸಿಂಪಡಿಸುವ ಬಾಟಲಿ, ಪೇಂಟರುಗಳು ಅಂಟಿಸುವಂಥ ಕಾಗದದ ಟೇಪು, ಬರೆದುಕೊಳ್ಳಲು ಒಂದು ಪುಸ್ತಕ. ಜೊತೆಗೆ ಒಬ್ಬರು ಬೇಕು. ನೀವು ಓಡಿಸುವಾಗ ಅವರು ಕೇಳಲಿ, ಅವರು ಓಡಿಸುವಾಗ ನೀವು ಕೇಳಿ. ಹಿಂದಿನ ಸೀಟಿನಲ್ಲಿ ಕೂತು ಕೇಳಿದರೆ ಸದ್ದು ಬೇರೆಯೇ ಕಡೆಯಿಂದ ಬರುವುದು ಗೊತ್ತಾಗಿ ನಿಮಗೇ ಆಶ್ಚರ್ಯವಾದೀತು.

ಶುರುಮಾಡುವ ಮುಂಚೆ ನಾಲ್ಕು ಎಚ್ಚರಿಕೆ

ಎಂಜಿನ್ ಚಾಲೂ ಇಟ್ಟು ನೋಡುವ ಕೆಲಸವೆಲ್ಲ ಬಯಲಿನಲ್ಲಿ ಆಗಲಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣ ತೆಗೆಯುತ್ತದೆ.

ಬಾನೆಟ್ ಎತ್ತಿ ಬಗ್ಗುವಾಗ ಸಡಿಲ ಬಟ್ಟೆ, ದುಪಟ್ಟಾ, ಬಿಚ್ಚಿದ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನು ಎಂಜಿನ್ ಆಫ್ ಆದ ಮೇಲೂ ತಾನೇ ತಿರುಗಬಹುದು.

ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಕಾರಿನ ಜೊತೆ ಬರುವ ಜ್ಯಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಕೆಳಗೆ ಹೋಗಬೇಕಿದ್ದರೆ ಭಾರ ತಡೆಯುವ ಸ್ಟ್ಯಾಂಡ್ ಬೇಕು, ಅದಿಲ್ಲದಿದ್ದರೆ ಆ ಭಾಗ ಗ್ಯಾರೇಜಿಗೆ ಬಿಡಿ.

ಕೊನೆಯದು: ಕೆಲವು ಸದ್ದು ಕೇಳಿದರೆ ಹುಡುಕುತ್ತಾ ಕೂರಬಾರದು, ಗಾಡಿ ನಿಲ್ಲಿಸಬೇಕು. ಎಂಜಿನ್ನಿನ ಒಳಗಿಂದ ಧಡ್ ಧಡ್ ಎಂಬ ಭಾರವಾದ ಬಡಿತ, ಅದರಲ್ಲೂ ಆಯಿಲ್ ದೀಪ ಉರಿದಿದ್ದರೆ. ಬ್ರೇಕ್ ಒತ್ತಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಗರಗರ. ಸ್ಟಿಯರಿಂಗ್ ಸಡಿಲವಾದ ಹಾಗೆ ಅನಿಸಿ ಮುಂದಿನ ಚಕ್ರದ ಕಡೆಯಿಂದ ದಬ್ ದಬ್. ಚಕ್ರ ಬಿಚ್ಚಿ ಹಾಕಿದ ಮಾರನೇ ದಿನವೇ ಶುರುವಾದ ಬಡಿತ. ಈ ಕೊನೆಯದರಲ್ಲಿ ಮೊದಲು ನೋಡಬೇಕಾದ್ದು ವೀಲ್ ನಟ್ಟುಗಳು ಬಿಗಿಯಾಗಿವೆಯೇ ಎಂದು.

ಹಂತ 1: ಕಾರು ಖಾಲಿ ಮಾಡಿ

ನಗಬೇಡಿ. ಡಿಕ್ಕಿ, ಸೀಟಿನ ಅಡಿ, ಬಾಗಿಲಿನ ಜೇಬು, ಗ್ಲೋವ್ ಬಾಕ್ಸ್ ಎಲ್ಲ ಖಾಲಿ ಮಾಡಿ. ಸ್ಟೆಪ್ನಿಯನ್ನು ಹಿಡಿದಿರುವ ಬೋಲ್ಟ್ ಬಿಗಿಮಾಡಿ. ಜ್ಯಾಕು, ಪಾನಾ ಬಟ್ಟೆಯಲ್ಲಿ ಸುತ್ತಿಡಿ. ಹಿಂದಿನ ಸೀಟಿನಲ್ಲಿ ಯಾರೂ ಇಲ್ಲದಿದ್ದಾಗ ಸೀಟ್ ಬೆಲ್ಟಿನ ಲೋಹದ ನಾಲಿಗೆ ಪಕ್ಕದ ಪ್ಲಾಸ್ಟಿಕ್ ಕಂಬಕ್ಕೆ ತಾಗಿ ಕಟ್ ಕಟ್ ಅನ್ನುತ್ತಿರುತ್ತದೆ. ಅದನ್ನು ಬಕಲ್ಲಿಗೆ ಸಿಕ್ಕಿಸಿ ನೋಡಿ. ನಂಬರ್ ಪ್ಲೇಟನ್ನು ಬೆರಳಿನಿಂದ ತಟ್ಟಿ. ಡಿಕ್ಕಿ ಬಾಗಿಲನ್ನು ಹೊರಗಿನಿಂದ ಒತ್ತಿ, ಅಲ್ಲಾಡಿಸಿ. ಅಲ್ಲಾಡಿದರೆ ಅದರ ಅಂಚಿನ ರಬ್ಬರ್ ಗುಬಟುಗಳನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಬೇಕು.

ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಇದನ್ನು ಮಾಡದೆ ಮುಂದೆ ಹೋದರೆ, ಸಸ್ಪೆನ್ಷನ್ ಬದಲಿಸಿದ ಮೇಲೂ ಉಳಿದ ‘ಕಟಕಟ’ ಕೊನೆಗೆ ಸೀಟಿನಡಿಯ ಬಾಟಲಿಯದ್ದು ಎಂದು ಗೊತ್ತಾಗಬಹುದು.

ಹಂತ 2: ಪರೀಕ್ಷೆಯ ಓಟ

ವಾಹನ ಓಡಾಟ ಕಡಿಮೆಯಿರುವ ನೇರ ರಸ್ತೆ ಆರಿಸಿ. ಕಿಟಕಿ ಮುಚ್ಚಿ, ಎ.ಸಿ., ಫ್ಯಾನು, ಹಾಡು ಎಲ್ಲ ಬಂದ್. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಶುರುಮಾಡಿ, ಏಕೆಂದರೆ ಕೆಲವು ಸದ್ದು ಮೊದಲ ಐದು ನಿಮಿಷ ಮಾತ್ರ ಇರುತ್ತದೆ.

ಗಂಟೆಗೆ 60 ಕಿ.ಮೀ. ವೇಗ ಮುಟ್ಟಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಎಂಜಿನ್ನಿನ ತಿರುಗುವಿಕೆ ಇಳಿಯುತ್ತದೆ, ಚಕ್ರ ಮಾತ್ರ ಅದೇ ವೇಗದಲ್ಲಿ ಉರುಳುತ್ತದೆ. ಸದ್ದು ಹಾಗೇ ಉಳಿದರೆ ಅದು ಟೈರು, ಬೇರಿಂಗ್, ಬ್ರೇಕ್ ಅಥವಾ ಗಾಳಿಯದ್ದು. ತಟ್ಟನೆ ಇಳಿದರೆ ಎಂಜಿನ್ನು, ಸೈಲೆನ್ಸರ್ ಕಡೆಯದ್ದು. ಈ ಪರೀಕ್ಷೆಯಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಎಂಜಿನ್ನನ್ನೇ ಆಫ್ ಮಾಡುವುದು. ಹಾಗೆ ಮಾಡಲೇಬೇಡಿ. ಪವರ್ ಸ್ಟಿಯರಿಂಗ್ ಹೋಗುತ್ತದೆ, ಬ್ರೇಕಿಗಿರುವ ನೆರವು ಒಂದೆರಡು ಸಲ ಒತ್ತುವುದರೊಳಗೆ ಮುಗಿಯುತ್ತದೆ, ಕೀ ತಿರುಗಿಸುವ ಕಾರುಗಳಲ್ಲಿ ಸ್ಟಿಯರಿಂಗ್ ಲಾಕ್ ಕೂಡ ಆಗಬಹುದು. ಆಟೊಮ್ಯಾಟಿಕ್ ಕಾರಾದರೆ ಓಡುವಾಗ ನ್ಯೂಟ್ರಲ್ ಬೇಡ, ಬರೀ ಕಾಲು ತೆಗೆದು ಸದ್ದಿನ ವ್ಯತ್ಯಾಸ ಗಮನಿಸಿದರೆ ಸಾಕು.

ಆಮೇಲೆ ಗಾಡಿ ನಿಲ್ಲಿಸಿ, ನಿಂತಲ್ಲೇ ಅಷ್ಟೇ ಆರ್‌ಪಿಎಮ್‌ಗೆ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟೇ ಸುತ್ತು ತಿರುಗುವಂತೆ ರೇಸ್ ಮಾಡಿ. ಸದ್ದು ಬಂತೇ? ಬಂದರೆ ಚಕ್ರಗಳ ಮೇಲಿನ ಅನುಮಾನ ಅಲ್ಲಿಗೇ ಹೋಯಿತು.

ಬಡಿತದ ಸದ್ದಾದರೆ ಎಣಿಸಿ. ಸಾಮಾನ್ಯ ಕಾರಿನ ಟೈರಿನ ಸುತ್ತಳತೆ ಸುಮಾರು 1.8 ರಿಂದ 1.9 ಮೀಟರ್. ಗಂಟೆಗೆ 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್, ಆ ವೇಗದಲ್ಲಿ ಚಕ್ರ ಸೆಕೆಂಡಿಗೆ ಎರಡೂಮುಕ್ಕಾಲು ಸುತ್ತು ಹಾಕುತ್ತದೆ. ನಿಮ್ಮ ‘ಟಪ್ ಟಪ್’ ಹತ್ತು ಸೆಕೆಂಡಿಗೆ ಇಪ್ಪತ್ತೇಳು ಇಪ್ಪತ್ತೆಂಟು ಸಲ ಬಂದರೆ ಅದು ಚಕ್ರದ ಜೊತೆಗೇ ತಿರುಗುತ್ತಿದೆ ಎಂದರ್ಥ: ಟೈರಿನ ಗಡ್ಡೆ, ಗ್ರೂವಿಗೆ ಸಿಕ್ಕಿಕೊಂಡ ಕಲ್ಲು ಅಥವಾ ಸೊಟ್ಟಗಾದ ಬ್ರೇಕ್ ಡಿಸ್ಕ್. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೂತು ಎಣಿಸಬಹುದು. ಓಡಿಸುವಾಗ ಎಣಿಸುವ ಕೆಲಸ ಪಕ್ಕದವರದ್ದು.

ಹಂತ 3: ನಿಂತಲ್ಲೇ ಬರುವ ಸದ್ದು

ಬಾನೆಟ್ ಎತ್ತಿದರೆ ಮೊದಲು ನೋಡಬೇಕಾದ್ದು ಆಯಿಲ್. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೆಲವು ನಿಮಿಷ ಬಿಟ್ಟು ಕಡ್ಡಿ ತೆಗೆದು ಒರೆಸಿ ಮತ್ತೆ ಅದ್ದಿ. ಕೆಳಗಿನ ಗುರುತಿಗಿಂತ ಇಳಿದಿದ್ದರೆ ಬೇರೆ ಯಾವ ಪರೀಕ್ಷೆಯೂ ಬೇಡ, ಮೊದಲು ಆಯಿಲ್ ಹಾಕಿ. ಹಳೆ ಎಂಜಿನ್ನುಗಳ ‘ಟಿಕ್ ಟಿಕ್’ ಬಹಳ ಸಲ ಇಷ್ಟಕ್ಕೇ ನಿಲ್ಲುತ್ತದೆ.

ಹೊಸದಾಗಿ ಶುರುವಾದ ಕೀಚಲು ಸದ್ದು, ಅದೂ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ಮುಕ್ಕಾಲುಪಾಲು ಬೆಲ್ಟಿನದ್ದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್ ಮುಂತಾದವನ್ನು ತಿರುಗಿಸುವ ರಬ್ಬರ್ ಪಟ್ಟಿ ಇದು. ಎಂಜಿನ್ ಚಾಲೂ ಇರುವಾಗ ಗೆರೆಗಳಿರುವ ಬದಿಗೆ ದೂರದಿಂದಲೇ ಸ್ವಲ್ಪ ನೀರು ಸಿಂಪಡಿಸಿ. ಸದ್ದು ತಕ್ಷಣ ನಿಂತು ಸ್ವಲ್ಪ ಹೊತ್ತಿಗೆ ಮತ್ತೆ ಬಂದರೆ ಪುಲ್ಲಿಗಳು, ಅಂದರೆ ಬೆಲ್ಟ್ ಸುತ್ತುವ ಗಾಲಿಗಳು, ಒಂದೇ ಸಾಲಿನಲ್ಲಿಲ್ಲ. ಸದ್ದು ಇನ್ನೂ ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ನೀರಿನಿಂದ ಏನೂ ಬದಲಾಗದಿದ್ದರೆ ಬೆಲ್ಟನ್ನು ಬಿಟ್ಟು ಪುಲ್ಲಿಗಳ ಬೇರಿಂಗ್ ಕಡೆ ಹೋಗಿ. ಬೆಲ್ಟಿಗೆ ಹೊಡೆಯುವ ಸ್ಪ್ರೇ ಅಂತ ಸಿಗುತ್ತದೆ, ಅದರ ಸಹವಾಸ ಬೇಡ. ನಾಲ್ಕು ದಿನ ಸದ್ದು ನಿಲ್ಲುತ್ತದೆ, ಆಮೇಲೆ ಅಂಟಿಗೆ ಧೂಳು ಮೆತ್ತಿ ಮೊದಲಿಗಿಂತ ಕಡೆಯಾಗುತ್ತದೆ.

ಬೇರಿಂಗ್ ಹುಡುಕುವುದಕ್ಕೆ ಸ್ಕ್ರೂಡ್ರೈವರ್ ಬೇಕು. ಅದರ ತುದಿಯನ್ನು ಆಲ್ಟರ್ನೇಟರಿನ ತಿರುಗದ ಲೋಹದ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ. ಒಳ್ಳೆಯ ಬೇರಿಂಗ್ ನುಣುಪಾಗಿ ಝುಮ್ ಅನ್ನುತ್ತದೆ, ಕೆಟ್ಟದ್ದು ಮರಳು ಅರೆದ ಹಾಗೆ ಗರಗರ ಅನ್ನುತ್ತದೆ. ನೀರಿನ ಪಂಪು, ಎ.ಸಿ. ಕಂಪ್ರೆಸರ್, ಪವರ್ ಸ್ಟಿಯರಿಂಗ್ ಪಂಪು ಹೀಗೆ ಒಂದೊಂದನ್ನೇ ಮುಟ್ಟುತ್ತಾ ಹೋಗಿ. ಎಲ್ಲಿ ಗರಗರ ಅತಿ ಜೋರೋ ಅಲ್ಲೇ ಕಳ್ಳ. ಮೊದಲ ಸಲ ಏನೂ ವ್ಯತ್ಯಾಸ ಗೊತ್ತಾಗದಿದ್ದರೆ ಚಿಂತೆಯಿಲ್ಲ, ಎರಡು ಮೂರು ಸುತ್ತಿಗೆ ಕಿವಿ ಪಳಗುತ್ತದೆ. ತುದಿ ಜಾರಿ ಬೆಲ್ಟಿಗೆ ಸಿಕ್ಕದಂತೆ ನೋಡಿಕೊಳ್ಳಿ. ಆ ಭಯವಿದ್ದರೆ ರಬ್ಬರ್ ಪೈಪಿನ ಒಂದು ತುದಿ ಕಿವಿಗಿಟ್ಟು ಇನ್ನೊಂದನ್ನು ಹತ್ತಿರ ಹಿಡಿದರೂ ಸಾಕು.

ಇನ್ನು ಎಂಜಿನ್ನಿನ ಒಳಗಿನ ಸದ್ದು. ಇಲ್ಲಿ ಜನ ಅನಗತ್ಯವಾಗಿ ಹೆದರುವುದೂ ಉಂಟು, ಹೆದರಬೇಕಾದ ಕಡೆ ಸುಮ್ಮನಿರುವುದೂ ಉಂಟು. ಹಗುರವಾದ, ಚುರುಕಾದ ಟಿಕ್ ಟಿಕ್ ಆದರೆ ಟಪೆಟ್ ಇರಬಹುದು, ಅಂದರೆ ವಾಲ್ವ್ ತೆರೆದು ಮುಚ್ಚುವ ಕಡೆಯ ಸಂದು ಹೆಚ್ಚಾಗಿರುವುದು. ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವುದರಿಂದ, 800 ಆರ್‌ಪಿಎಮ್‌ನಲ್ಲಿ ಒಂದು ವಾಲ್ವಿನ ಸದ್ದು ಸೆಕೆಂಡಿಗೆ ಆರೇಳು ಸಲ ಕೇಳಿಸುತ್ತದೆ. ತುರ್ತಿಲ್ಲ, ಹಾಗಂತ ಮರೆಯುವುದೂ ಬೇಡ. ತಣ್ಣಗಿದ್ದಾಗ ಟೊಳ್ಳಾಗಿ ಟಪಟಪ ಅಂದು ಬಿಸಿಯಾದ ಮೇಲೆ ಮಾಯವಾದರೆ ಅದು ಪಿಸ್ಟನ್ ಸಿಲಿಂಡರಿನ ಗೋಡೆಗೆ ತಾಗುವ ಸದ್ದು, ವಯಸ್ಸಾದ ಎಂಜಿನ್ನಿನಲ್ಲಿ ಇದರೊಡನೆ ವರ್ಷಗಟ್ಟಲೆ ಬಾಳಬಹುದು. ಏರು ಹತ್ತುವಾಗ, ಪಿಕಪ್ ಕೊಟ್ಟಾಗ ಮಾತ್ರ ಗೋಲಿ ಅಲ್ಲಾಡಿಸಿದ ಹಾಗೆ ಕಿಣಿಕಿಣಿ ಬಂದರೆ ಅದು ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಳ್ಳುವ ನಾಕಿಂಗ್. ಕಡಿಮೆ ಆಕ್ಟೇನಿನ ಪೆಟ್ರೋಲು, ಒಳಗೆ ಕಟ್ಟಿದ ಮಸಿ, ತಪ್ಪಿದ ಟೈಮಿಂಗ್ ಇದಕ್ಕೆ ಕಾರಣ.

ಸ್ಟಾರ್ಟ್ ಮಾಡಿದ ಮೊದಲ ಕೆಲವು ಸೆಕೆಂಡು ಸರಪಳಿ ಎಳೆದ ಹಾಗೆ ಝರ್ ಅಂದರೆ ಅದು ನಿಜಕ್ಕೂ ಸರಪಳಿಯೇ. ಎಂಜಿನ್ ತಿರುಗಿದಂತೆ ಕ್ಯಾಮ್ ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಹಿಡಿಯುವ ಟೆನ್ಷನರ್ ಸೋತಿದೆ. ಇದನ್ನು ಮುಂದಕ್ಕೆ ಹಾಕಬೇಡಿ. ಚೈನ್ ಜಾರಿದರೆ ಬಹಳಷ್ಟು ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಹೋಗುತ್ತದೆ. ಚೈನ್ ಬದಲು ರಬ್ಬರಿನ ಟೈಮಿಂಗ್ ಬೆಲ್ಟ್ ಇರುವ ಕಾರಾದರೆ ಇನ್ನೂ ಜಾಗ್ರತೆ ಬೇಕು, ಏಕೆಂದರೆ ಅದು ಕಡಿಯುವ ಮೊದಲು ಬಹುಪಾಲು ಸದ್ದೇ ಮಾಡುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಕಿಲೋಮೀಟರಿಗೋ ವರ್ಷಕ್ಕೋ, ಯಾವುದು ಮೊದಲೋ ಆಗ ಬದಲಿಸುವುದೊಂದೇ ದಾರಿ.

ಸದ್ದಿಗಿಂತ ನಡುಕವೇ ಹೆಚ್ಚು, ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡೆಲ್ಲ ಗುನುಗುತ್ತದೆ ಅಂದರೆ ಎಂಜಿನ್ ಮೌಂಟಿಂಗ್ ನೋಡಿಸಿ. ಎಂಜಿನ್ನನ್ನು ಕಾರಿನ ಚೌಕಟ್ಟಿಗೆ ಕೂರಿಸಿರುವ ರಬ್ಬರ್ ದಿಂಬುಗಳಿವು. ಸವೆದರೆ ಅಥವಾ ಕುಸಿದರೆ ಎಂಜಿನ್ನಿನ ಕಂಪನವೆಲ್ಲ ನೇರವಾಗಿ ಕಾರಿನೊಳಗೆ ಬರುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ರಿವರ್ಸಿನಿಂದ ಡ್ರೈವ್‌ಗೆ ಹಾಕಿದಾಗ ದಬ್ ಅನ್ನುವುದು ಇದರದೇ ಗುರುತು. ಒಟ್ಟು ಸದ್ದು ಇಳಿಸುವ ವಿಷಯದಲ್ಲಿ ಹಳೆ ಕಾರಿಗೆ ಇಷ್ಟು ಲಾಭ ಕೊಡುವ ರಿಪೇರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೂ ಇದನ್ನು ಕೇಳಿ ಮಾಡಿಸುವವರು ಕಡಿಮೆ.

ಹಂತ 4: ಸೈಲೆನ್ಸರ್ ಸಾಲು

ಒಂದು ಲೀಟರ್ ಪೆಟ್ರೋಲು ಉರಿದರೆ ಹತ್ತಿರಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊಗೆಕೊಳವೆಯಲ್ಲಿ ಹೋಗುತ್ತದೆ. ದೂರ ಓಡಿದರೆ ಕೊಳವೆ ಕಾದು ಅದು ಹೊರಟುಹೋಗುತ್ತದೆ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರಿನಲ್ಲಿ ಆ ನೀರು ಹಿಂದಿನ ಡಬ್ಬದಲ್ಲೇ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಹೊರಗೆ ಚೆನ್ನಾಗಿ ಕಾಣುವ ಸೈಲೆನ್ಸರ್ ಒಳಗೆ ಪುಡಿಯಾಗಿರುವುದು ಹೀಗೆ.

ಭೋರ್ ಅನ್ನುವ ದಪ್ಪ ಸದ್ದು ಹಿಂದಿನಿಂದ ಬಂದರೆ ತೂತಾಗಿದೆ. ಮುಂದಿನಿಂದ ಚಟಚಟ ಬಂದು, ಎಂಜಿನ್ ಬಿಸಿಯಾದಂತೆ ಕಡಿಮೆಯಾದರೆ ಮ್ಯಾನಿಫೋಲ್ಡ್ ಹತ್ತಿರ ಸೋರಿಕೆಯಿದೆ. ಮ್ಯಾನಿಫೋಲ್ಡ್ ಅಂದರೆ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕವಲು ಕೊಳವೆ. ಕಾದ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುವುದರಿಂದ ಸದ್ದು ಅಡಗುತ್ತದೆ. ಇದನ್ನು ಟಪೆಟ್ ಎಂದು ತಿಳಿದು ಎಂಜಿನ್ ಬಿಚ್ಚಿಸಿದವರಿದ್ದಾರೆ.

ಪರೀಕ್ಷೆ ಸುಲಭ. ಬೆಳಿಗ್ಗೆ, ಕೊಳವೆ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಜೊತೆಯವರು ದಪ್ಪ ಕೈಗವಸು ಹಾಕಿಕೊಂಡು ಮಡಿಸಿದ ಬಟ್ಟೆಯಿಂದ ಬಾಲದ ತುದಿಯನ್ನು ಎರಡು ಮೂರು ಸೆಕೆಂಡು ಮಾತ್ರ ಅಡ್ಡ ಹಿಡಿಯಲಿ. ಸೋರುವ ಕಡೆ ಪುಸ್ ಪುಸ್ ಎಂದು ಎದ್ದು ಕೇಳಿಸುತ್ತದೆ. ಜೋಡಣೆಗಳ ಸುತ್ತ ಮಸಿಯ ಗುರುತು ಇದ್ದರೆ ಸಾಕ್ಷಿ ಅದೇ. ಕಾರಿನೊಳಗೆ ಹೊಗೆ ವಾಸನೆ ಬರುತ್ತಿದ್ದರೆ ಇದು ಸದ್ದಿನ ಮಾತಲ್ಲ, ಅಪಾಯದ ಮಾತು. ರಿಪೇರಿಯಾಗುವವರೆಗೆ ಓಡಿಸಬೇಡಿ.

ಒಂದು ನಿರ್ದಿಷ್ಟ ಆರ್‌ಪಿಎಮ್‌ಗೆ ಮಾತ್ರ ತಗಡು ನಡುಗಿದ ಹಾಗೆ ಝಣಝಣ ಬಂದು, ಸ್ವಲ್ಪ ಹೆಚ್ಚು ಕಡಿಮೆ ಮಾಡಿದರೆ ನಿಲ್ಲುತ್ತದೆಯೇ? ಅದು ಶಾಖ ತಡೆಯುವ ತಗಡಿನದ್ದು, ಬೋಲ್ಟಿನ ಸುತ್ತ ತುಕ್ಕು ತಿಂದು ಸಡಿಲವಾಗಿರುತ್ತದೆ. ಕಿತ್ತು ಬಿಸಾಡುವುದು ಸುಲಭ ಅನಿಸುತ್ತದೆ, ಮಾಡಬೇಡಿ. ಮೇಲಿರುವ ಕಾರ್ಪೆಟ್ಟು, ಇಂಧನದ ಪೈಪು ಸುಡದಂತೆ ಕಾಯುವುದೇ ಅದು. ದೊಡ್ಡ ಸ್ಟೀಲ್ ಕ್ಲಿಪ್ಪು ಅಥವಾ ಅಗಲವಾದ ವಾಷರ್ ಹಾಕಿ ಬಿಗಿಮಾಡಿಸಿ. ಹೊಗೆಯ ವಿಷ ಕಡಿಮೆ ಮಾಡುವ ಡಬ್ಬವಾದ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗೆ ಕಲ್ಲು ಅಲ್ಲಾಡಿದ ಹಾಗೆ ಕೇಳಿಸಿತೆಂದರೆ, ಒಳಗಿನ ಸೆರಾಮಿಕ್ ಜೇನುಗೂಡು ಒಡೆದಿದೆ. ಸೈಲೆನ್ಸರನ್ನು ನೇತುಹಾಕಿರುವ ರಬ್ಬರ್ ಬಳೆಗಳನ್ನೂ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಹಿಂದಿನಿಂದ ಬರುವ ‘ಸಸ್ಪೆನ್ಷನ್ ಬಡಿತ’ದಲ್ಲಿ ಕೆಲವು ಬರೀ ಕೊಳವೆ ನೆಲಹಾಸಿಗೆ ತಾಗುವ ಸದ್ದು.

ಹಂತ 5: ವೇಗದ ಜೊತೆ ಏರುವ ಗುಂಯ್

ಇಲ್ಲಿ ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಮುಂದಿನ ಚಕ್ರದ ಬೇರಿಂಗ್ ಬದಲಿಸಿದೆ, ಸದ್ದು ಹೋಗಲಿಲ್ಲ. ಇನ್ನೊಂದು ಕಡೆಯದನ್ನೂ ಬದಲಿಸಿದೆ, ಆಗಲೂ ಹೋಗಲಿಲ್ಲ. ಕೊನೆಗೆ ಹಿಂದಿನ ಟೈರು ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿದ ದಿನ ಗುಂಯ್ ಸದ್ದೂ ಹಿಂದಕ್ಕೆ ಹೋಯಿತು. ಖರ್ಚಿಲ್ಲದ ಆ ಪರೀಕ್ಷೆ ಮೊದಲೇ ಮಾಡಬೇಕಿತ್ತು.

ಹಾಗಾಗಿ ಟೈರಿನಿಂದ ಶುರುಮಾಡಿ. ಗಾಡಿ ನಿಲ್ಲಿಸಿ, ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ, ಹೊರಗಿನಿಂದ ಒಳಕ್ಕೆ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ. ಕಿತ್ತುಬಂದ ತಂತಿ ಚುಚ್ಚೀತು, ಮೊದಲು ಕಣ್ಣಾಡಿಸಿಕೊಳ್ಳಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ತಡೆದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ. ಸುತ್ತಲೂ ಅಲ್ಲಲ್ಲಿ ತಗ್ಗು, ಅಲ್ಲಲ್ಲಿ ಉಬ್ಬು ಕೈಗೆ ಸಿಕ್ಕರೆ ಶಾಕ್ ಅಬ್ಸಾರ್ಬರ್ ಸೋತು ಟೈರು ಕುಣಿಯುತ್ತಾ ಸವೆದಿದೆ. ಇಂಥ ಟೈರು ಗ್ರೂವ್ ಚೆನ್ನಾಗಿದ್ದರೂ ಹೆಲಿಕಾಪ್ಟರಿನ ಹಾಗೆ ಸದ್ದು ಮಾಡುತ್ತದೆ. ಹೊಸ ಟೈರು ಹಾಕಿ ಶಾಕ್ ಅಬ್ಸಾರ್ಬರ್ ಹಾಗೇ ಬಿಟ್ಟರೆ ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಅದೇ ಕಥೆ.

ಟೈರಿನ ವಯಸ್ಸೂ ನೋಡಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 2316 ಎಂದಿದ್ದರೆ 2016ರ 23ನೇ ವಾರ. ರಬ್ಬರ್ ವರ್ಷ ಕಳೆದಂತೆ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಸದ್ದು ಹೆಚ್ಚು, ಹಿಡಿತ ಕಡಿಮೆ. ಗ್ರೂವಿನೊಳಗಿನ ಸಣ್ಣ ಅಡ್ಡಪಟ್ಟಿಗಳು ಮೇಲ್ಮೈ ಸಮಕ್ಕೆ ಬಂದಿದ್ದರೆ ಆಳ 1.6 ಮಿ.ಮೀ.ಗೆ ಇಳಿದಿದೆ ಎಂದರ್ಥ, ಆಮೇಲೆ ಸದ್ದಿನ ಚರ್ಚೆಯೇ ಬೇಕಿಲ್ಲ.

ಟೈರೋ ಬೇರಿಂಗೋ ಎಂದು ಬೇರ್ಪಡಿಸಲು ಎರಡು ಸುಳಿವು. ನುಣುಪು ಡಾಂಬರಿನಿಂದ ಒರಟು ಕಾಂಕ್ರೀಟಿಗೆ ಹೋದಾಗ ಸದ್ದಿನ ದನಿಯೇ ಬದಲಾದರೆ ಟೈರು. ರಸ್ತೆ ಯಾವುದಾದರೂ ಅದೇ ದನಿಯಲ್ಲಿದ್ದರೆ ಬೇರಿಂಗ್. ಎರಡನೆಯದು, ಖಾಲಿ ರಸ್ತೆಯಲ್ಲಿ ಹಿತವಾದ ವೇಗದಲ್ಲಿ ಸ್ಟಿಯರಿಂಗನ್ನು ಮೆಲ್ಲಗೆ ಎಡಕ್ಕೆ, ಬಲಕ್ಕೆ ತೂಗಿ. ಎಡಕ್ಕೆ ತಿರುಗಿಸಿದಾಗ ಕಾರಿನ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆಯದ್ದು.

ಖಚಿತ ಮಾಡಿಕೊಳ್ಳಲು ಚಕ್ರವನ್ನು ನೆಲದಿಂದ ಎತ್ತಿಸಿ. ಮೇಲೆ ಕೆಳಗೆ ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ಆಟವಿದ್ದರೆ, ಅಂದರೆ ಸಡಿಲವಾಗಿ ಅಲ್ಲಾಡಿದರೆ, ಬೇರಿಂಗ್ ಅಥವಾ ಚಕ್ರವನ್ನು ಸಸ್ಪೆನ್ಷನ್ನಿಗೆ ಸೇರಿಸುವ ಗುಂಡು ಕೀಲು, ಅಂದರೆ ಬಾಲ್ ಜಾಯಿಂಟ್. ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟವಿದ್ದರೆ ಸ್ಟಿಯರಿಂಗಿನ ಟೈ ರಾಡ್, ಅಂದರೆ ಚಕ್ರವನ್ನು ತಿರುಗಿಸುವ ಸರಳು. ಆಮೇಲೆ ಒಂದು ಕೈ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದರಿಂದ ಚಕ್ರ ತಿರುಗಿಸಿ. ಬೇರಿಂಗ್ ಕೆಟ್ಟಿದ್ದರೆ ಅದರ ಗರಗರ ಸ್ಪ್ರಿಂಗಿನ ಮೂಲಕ ಬೆರಳಿಗೆ ಬಂದುಬಿಡುತ್ತದೆ.

ಹಂತ 6: ಗುಂಡಿ ಮತ್ತು ತಿರುವು

ಸಣ್ಣ ಸಣ್ಣ ಕಲ್ಲಿನ ರಸ್ತೆಯಲ್ಲಿ ಮುಂದಿನಿಂದ ಕಟಕಟ ಬಂದು, ದೊಡ್ಡ ಉಬ್ಬಿನಲ್ಲಿ ಎರಡೂ ಚಕ್ರ ಒಟ್ಟಿಗೆ ಹತ್ತಿದಾಗ ಸುಮ್ಮನಿದ್ದರೆ ಮೊದಲ ಅನುಮಾನ ಲಿಂಕ್ ರಾಡ್ ಮೇಲೆ. ಕಾರು ಒಂದು ಪಕ್ಕಕ್ಕೆ ವಾಲದಂತೆ ತಡೆಯುವ ಸರಳಿನ ತುದಿಯ ಪುಟ್ಟ ಕೊಂಡಿ ಅದು. ಅದನ್ನು ಬದಲಿಸುವುದು ಸುಲಭದ ಕೆಲಸ. ಹಾಗಾಗಿ ಶಾಕ್ ಅಬ್ಸಾರ್ಬರ್ ಬದಲಿಸಬೇಕು ಎಂದು ಯಾರಾದರೂ ನೇರವಾಗಿ ಹೇಳಿದರೆ, ಲಿಂಕ್ ರಾಡ್ ನೋಡಿದಿರಾ ಎಂದು ಕೇಳಿ.

ಬ್ರೇಕ್ ಒತ್ತಿದಾಗ ಅಥವಾ ಹೊರಟಾಗ ಒಂದೇ ಒಂದು ‘ದಬ್’ ಬಂದರೆ ಲೋವರ್ ಆರ್ಮಿನ, ಅಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳಿನ, ರಬ್ಬರ್ ಬುಷ್ ಹರಿದಿರಬಹುದು. ನಿಧಾನವಾಗಿ ಉಬ್ಬು ಹತ್ತಿ ಇಳಿಯುವಾಗ ಹಳೆ ಬಾಗಿಲಿನ ಹಾಗೆ ಕಿರ್ರ್ ಅಂದರೆ ರಬ್ಬರ್ ಬುಷ್ ಒಣಗಿದೆ. ಇದಕ್ಕೆ ಎಂಜಿನ್ ಆಯಿಲ್, ಗ್ರೀಸ್ ಹಚ್ಚುವ ರೂಢಿಯಿದೆ. ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡಿ ಕೊಲ್ಲುತ್ತದೆ. ಹಾಕಲೇಬೇಕಿದ್ದರೆ ಸಿಲಿಕೋನ್ ಸ್ಪ್ರೇ.

ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಚಿಮ್ಮಿದ ಹಾಗೆ ಟೊಂಯ್ ಅಂದರೆ ಸ್ಟ್ರಟ್ಟಿನ, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬದ, ಮೇಲಿನ ಮೌಂಟಿಂಗ್. ಜೊತೆಯವರು ತಿರುಗಿಸುತ್ತಿರಲಿ, ನೀವು ಬಾನೆಟ್ ಒಳಗೆ ಸ್ಟ್ರಟ್ಟಿನ ತಲೆಯ ಮೇಲೆ ಕೈಯಿಡಿ, ಜಿಗಿತ ಗೊತ್ತಾಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿಕೊಂಡು ನಿಧಾನವಾಗಿ ವೃತ್ತ ಹೊಡೆಯುವಾಗ ಟಕ್ ಟಕ್ ಟಕ್ ಬಂದರೆ ಆಕ್ಸಲ್ಲಿನ ಹೊರತುದಿಯ ಸಿ.ವಿ. ಜಾಯಿಂಟ್, ಅಂದರೆ ಚಕ್ರ ಓರೆಯಾದಾಗಲೂ ಅದಕ್ಕೆ ಎಂಜಿನ್ನಿನ ಬಲ ಮುಟ್ಟಿಸುವ ಕೀಲು. ಚಕ್ರದ ಹಿಂದೆ ಒಳಗೋಡೆಯ ಮೇಲೆಲ್ಲ ಗ್ರೀಸ್ ಸಿಡಿದಿದ್ದರೆ ಅದರ ರಬ್ಬರ್ ಬೂಟ್ ಹರಿದಿದೆ. ಸದ್ದು ಶುರುವಾಗುವ ಮೊದಲೇ ಬೂಟ್ ಬದಲಿಸಿದವರು ಜಾಯಿಂಟ್ ಉಳಿಸಿಕೊಳ್ಳುತ್ತಾರೆ. ಬಾಲ್ ಜಾಯಿಂಟಿನಲ್ಲಿ ಆಟ ಕಂಡುಬಂದರೆ ಮಾತ್ರ ‘ಮುಂದಿನ ತಿಂಗಳು’ ಅನ್ನಬೇಡಿ. ಅದು ಕಳಚಿದರೆ ಚಕ್ರವೇ ಮಡಿಚಿಕೊಳ್ಳುತ್ತದೆ.

ಹಂತ 7: ಬ್ರೇಕ್, ಕ್ಲಚ್, ಗೇರ್

ಬ್ರೇಕಿನಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳಿಗ್ಗೆ ಮೊದಲ ಒಂದೆರಡು ಸಲ ಸರ್ ಅಂದರೆ ಡಿಸ್ಕಿನ ಮೇಲಿನ ತೆಳು ತುಕ್ಕು, ತಾನೇ ಹೋಗುತ್ತದೆ. ಸಣ್ಣ, ತೀಕ್ಷ್ಣ ಕೀಚಲು ಬಿಡದೆ ಬರುತ್ತಿದ್ದರೆ ಪ್ಯಾಡಿನಲ್ಲಿರುವ ಎಚ್ಚರಿಕೆಯ ತಗಡು ಡಿಸ್ಕಿಗೆ ತಾಗುತ್ತಿದೆ, ಪ್ಯಾಡಿನ ದಪ್ಪ 3 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸಿ. ಒಂದೇ ಚಕ್ರದಿಂದ ತಟ್ಟನೆ ಕಿವಿಗಡಚಿಕ್ಕುವ ಕಿರುಚಾಟ ಶುರುವಾದರೆ, ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಕಲ್ಲು ಸಿಕ್ಕಿರುವುದೂ ಉಂಟು. ಸದ್ದು ನಿಲ್ಲಲಿ ಎಂದು ಬ್ರೇಕಿಗೆ ಎಣ್ಣೆ ಬಿಡಬೇಡಿ. ಬಿಟ್ಟವರಿದ್ದಾರೆ, ಅದಕ್ಕೇ ಬರೆದೆ.

ಕ್ಲಚ್ಚಿಗೆ ಒಂದೇ ಪರೀಕ್ಷೆ. ಎಂಜಿನ್ ಚಾಲೂ, ಗೇರ್ ನ್ಯೂಟ್ರಲ್. ಕ್ಲಚ್ ಒತ್ತಿದಾಗ ಸದ್ದು ಶುರುವಾದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್. ಬಿಟ್ಟಾಗ ಇದ್ದು, ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗ್. ಓಡುವಾಗ ಪಿಕಪ್ ಕೊಟ್ಟರೆ ಒಂದು ರಾಗ, ಕಾಲು ತೆಗೆದರೆ ಇನ್ನೊಂದು ರಾಗ ಬಂದರೆ ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪಿನ ಕಡೆ ನೋಡಿಸಿ. ಆಗಲೂ ಮೊದಲು ಗೇರ್ ಆಯಿಲ್ ಮಟ್ಟ ನೋಡಿಸಿ, ಆಮೇಲೆ ಬಿಚ್ಚುವ ಮಾತು.

ಹಂತ 8: ಗಾಳಿ

ಗಂಟೆಗೆ 70–80 ಕಿ.ಮೀ. ದಾಟಿದ ಮೇಲೆ ಮಾತ್ರ ಬರುವ, ಎದುರುಗಾಳಿಯಲ್ಲಿ ಹೆಚ್ಚಾಗುವ ಸುಯ್ ಸದ್ದು ಬಾಗಿಲಿನ ರಬ್ಬರ್ ಬೀಡಿಂಗಿನದ್ದು ಎಂದಿಟ್ಟುಕೊಳ್ಳಿ. ಒಂದು ಕಾಗದದ ಪಟ್ಟಿಯನ್ನು ಅಡ್ಡವಿಟ್ಟು ಬಾಗಿಲು ಹಾಕಿ, ಎಳೆಯಿರಿ. ಬಿಗಿಯಾಗಿ ತಡೆದು ಬಂದರೆ ಸರಿ, ಸಲೀಸಾಗಿ ಜಾರಿದರೆ ಅಲ್ಲಿ ಸಂದಿದೆ. ಬಾಗಿಲ ಸುತ್ತ ಒಂದು ಗೇಣಿಗೊಂದು ಕಡೆ ಹೀಗೆ ನೋಡಿ.

ಸಂದು ಸಿಗದಿದ್ದರೆ ಕಾಗದದ ಟೇಪು ತೆಗೆಯಿರಿ. ಕನ್ನಡಿಯ ಬುಡ, ಮುಂಗಾಜಿನ ಅಂಚಿನ ಪಟ್ಟಿ, ಯಾರೂ ಕೂರದ ಒಂದು ಬಾಗಿಲಿನ ಸಂದು, ಎಲ್ಲಕ್ಕೂ ಹೊರಗಿನಿಂದ ಅಂಟಿಸಿ ಓಡಿಸಿ. ಸದ್ದು ನಿಂತಿತೇ? ಈಗ ಒಂದೊಂದೇ ಪಟ್ಟಿ ಕಿತ್ತು ಮತ್ತೆ ಓಡಿಸಿ. ಯಾವುದನ್ನು ಕಿತ್ತಾಗ ಸದ್ದು ಮರಳಿತೋ ಅದೇ ಜಾಗ. ಛಾವಣಿಯ ಮೇಲೆ ಸಾಮಾನಿನ ಕ್ಯಾರಿಯರ್ ಇದ್ದರೆ ಇದೆಲ್ಲಕ್ಕೂ ಮೊದಲು ಅದನ್ನು ಬಿಚ್ಚಿಡಿ.

ಬೀಡಿಂಗ್ ಹರಿದಿಲ್ಲ, ಬರೀ ಒಣಗಿದೆ ಅಂದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಆರಿದ ಮೇಲೆ ಸಿಲಿಕೋನ್ ಸವರಿ ಒಂದು ವಾರ ನೋಡಿ. ಚಪ್ಪಟೆಯಾಗಿದ್ದರೆ ಬದಲಿಸುವುದೇ ಸರಿ.

ಹಂತ 9: ಡ್ಯಾಂಪಿಂಗ್ ಶೀಟು, ಕೊನೆಗೆ ಮಾತ್ರ

"ಬಾಗಿಲಿಗೆ ಶೀಟು ಹೊಡೆಸಿದರೆ ಸದ್ದು ಹೋಗುತ್ತದಂತೆ, ಹೌದಾ?" ಇದು ಎರಡನೇ ಪ್ರಶ್ನೆ. ಬ್ಯುಟೈಲ್ ರಬ್ಬರಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಈ ಶೀಟುಗಳು ತಗಡು ನಡುಗುವುದನ್ನು ತಡೆಯುತ್ತವೆ, ಅಷ್ಟೇ. ಬೇರಿಂಗಿನ ಗುಂಯ್, ಬೀಡಿಂಗಿನ ಸುಯ್ ಇದರಿಂದ ಹೋಗುವುದಿಲ್ಲ. ಮೇಲಿನ ಹಂತಗಳೆಲ್ಲ ಮುಗಿದು, ತಗಡು ಬೆರಳಿನಿಂದ ತಟ್ಟಿದರೆ ಡಬ್ಬದ ಹಾಗೆ ಮೊಳಗುತ್ತಿದ್ದರೆ ಹಾಕಿಸಿ. ಇಡೀ ತಗಡು ಮುಚ್ಚಬೇಕಿಲ್ಲ. ನಡುವಿನ, ಹೆಚ್ಚು ನಡುಗುವ ಕಾಲುಭಾಗಕ್ಕೆ ಗಾಳಿಗುಳ್ಳೆ ಉಳಿಯದಂತೆ ಒತ್ತಿ ಅಂಟಿಸಿದರೂ ಬಹುಪಾಲು ಮೊಳಗು ನಿಲ್ಲುತ್ತದೆ. ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಮುಚ್ಚಿದರೆ ಒಳಗೆ ನೀರು ನಿಂತು ಬಾಗಿಲೇ ತುಕ್ಕು ಹಿಡಿಯುತ್ತದೆ, ಅಂಟಿಸುವವರ ಪಕ್ಕ ನಿಂತು ನೋಡಿಕೊಳ್ಳಿ.

ಗ್ಯಾರೇಜಿಗೆ ಒಯ್ಯಬೇಕಾದ ಚೀಟಿ

"ಸದ್ದು ಬರ್ತಿದೆ, ನೋಡಿ" ಎಂದು ಕೀ ಕೊಟ್ಟು ಬಂದರೆ ಊಹೆಯ ಮೇಲೆ ಬಿಡಿಭಾಗ ಬದಲಾಗುತ್ತದೆ. ಬದಲಿಗೆ ಹೀಗೆ ಬರೆದುಕೊಡಿ:

"ಗಂಟೆಗೆ 50 ಕಿ.ಮೀ. ಮೇಲೆ ಗುಂಯ್ ಸದ್ದು, ಮುಂದೆ ಬಲಗಡೆ. ನ್ಯೂಟ್ರಲ್‌ನಲ್ಲೂ ಇದೆ. ಎಡಕ್ಕೆ ತಿರುಗಿಸಿದರೆ ಜೋರು, ಬಲಕ್ಕೆ ಕಡಿಮೆ. ರಸ್ತೆ ಬದಲಾದರೂ ದನಿ ಬದಲಾಗುವುದಿಲ್ಲ. ಟೈರು ಹಿಂದೆ ಮುಂದೆ ಹಾಕಿ ನೋಡಿದೆ, ವ್ಯತ್ಯಾಸ ಇಲ್ಲ."

ಇಷ್ಟು ಓದಿದ ಮೆಕ್ಯಾನಿಕ್ ನೇರವಾಗಿ ಬಲಗಡೆಯ ಮುಂದಿನ ಚಕ್ರ ಎತ್ತುತ್ತಾನೆ. ಸಾಧ್ಯವಾದರೆ ಅವನನ್ನೇ ಪಕ್ಕ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ಬದಲಿಸಿದ ಹಳೆ ಭಾಗವನ್ನು ಕೇಳಿ ತೆಗೆದುಕೊಂಡು ಕೈಯಲ್ಲಿ ತಿರುಗಿಸಿ ನೋಡಿ. ರಿಪೇರಿಯಾದ ಮೇಲೆ ಪರೀಕ್ಷೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಫೋನು ಇಟ್ಟ ಅದೇ ಜಾಗದಲ್ಲಿ ಆಗಲಿ, ಹಳೆ ರೆಕಾರ್ಡಿಂಗ್ ಅಳಿಸಬೇಡಿ. ಒಂದು ಸದ್ದು ಹೋದ ಮೇಲೆ ಅದರ ಹಿಂದೆ ಅಡಗಿದ್ದ ಇನ್ನೊಂದು ಕೇಳಿಸಿದರೆ ಗಾಬರಿ ಬೇಡ. ಅದು ಮೊದಲೂ ಇತ್ತು. ಅದಕ್ಕೆ ಹೊಸ ಪುಟ ತೆಗೆದು ಎರಡನೇ ಹಂತದಿಂದ ಶುರುಮಾಡಿ.